ಊದಿ, ಇನ್ನೂ ಊದಿ

ಎರಡನೇ ಹಾಸ್ಟೆಲಿನ ನೆಲಮಾಳಿಗೆ, ನಾಲ್ಕನೇ ಕೋಣೆ.
ಮೈನಸ್ ಮೂವತ್ತೆರಡಕ್ಕೆ ಇಳಿಯುವ ಊರು, ಉಲಾನ್‌ಬಾತರ್.
ಒಳಗೆ ನಾನು, ಒಂದು ಯಂತ್ರ,
ರಟ್ಟಿನ ಬಾಯಿಕೊಳವೆಗಳ ಡಬ್ಬಿ.
ದಿನಕ್ಕೆ ನೂರು ಸಲ ನಾನಾಡುವುದು ಒಂದೇ ಮಾತು:
ಪೂರ್ತಿ ಎಳೆದುಕೊಳ್ಳಿ. ಈಗ ಊದಿ. ಊದಿ,
ಇನ್ನೂ ಊದಿ, ಇನ್ನೂ ಇದೆ ನಿಮ್ಮೊಳಗೆ,
ಬಿಡಬೇಡಿ, ಬಿಡಬೇಡಿ, ಸಾಕು.

ನಿದ್ದೆಯಲ್ಲೂ ಹೀಗೇ ಕೂಗುತ್ತೇನಂತೆ,
ಪಕ್ಕದಲ್ಲಿ ಮಲಗುವ ತಂಗಿಯ ದೂರು.

ಪ್ರೊಫೆಸರ್ ಸರಂಗೆರೆಲ್‌ಗೆ ಅರವತ್ತು ಜನ ಬೇಕಿತ್ತು.
ಹೊಗೆ ಕಾಣದ ಬಯಲಿಂದ ಬಂದವರು ಅರ್ಧ,
ಈ ಊರಲ್ಲೇ ಹುಟ್ಟಿ ಕೆಮ್ಮಿದವರು ಅರ್ಧ.
ಹಿಮಕ್ಕೆ ಮುಂಚೆ ಒಮ್ಮೆ, ಕರಗಿದ ಮೇಲೆ ಇನ್ನೊಮ್ಮೆ.
ಪ್ರತಿಫಲ: ಕ್ಯಾಂಟೀನಿನ ಹತ್ತು ಊಟದ ಚೀಟಿ.
ನೋಟೀಸು ಹಚ್ಚಿದ ಸಂಜೆಗೇ ಸಾಲು
ಮೆಟ್ಟಿಲು ಹತ್ತಿ ಗ್ರಂಥಾಲಯದ ಬಾಗಿಲವರೆಗೆ.
ವಿಜ್ಞಾನಕ್ಕಾಗಿ, ಅಂದ ಒಬ್ಬ. ಉಳಿದವರು ಕೇಳಿದರು:
ಕುರಿಮಾಂಸದ ಕಡುಬಿಗೂ ನಡೆಯುತ್ತಾ ಈ ಚೀಟಿ?

ದುಲ್ಮಾ, ಭೂಗರ್ಭಶಾಸ್ತ್ರ, ಗೋಬಿಯ ಒಂಟೆ ಸಾಕುವವರ ಮಗಳು,
ಅಕ್ಟೋಬರಿನಲ್ಲಿ ಊದಿದಳು ನೋಡಿ!
ಪರದೆಯ ಗೆರೆ ಬೆಟ್ಟವಾಗಿ ಎದ್ದು
ಇಳಿಯಲು ಮನಸ್ಸಿಲ್ಲದೆ ಇಳಿಯಿತು.
ನಾಲ್ಕು ಲೀಟರ್ ಮುನ್ನೂರು.
ದಾರಿ ತಪ್ಪಿದ ಒಂಟೆಯನ್ನು ಕೂಗಬೇಕಲ್ಲ, ಎಂದು ನಕ್ಕಳು.

ನೆರ್‌ಗುಯಿ ಬಂದದ್ದು ಜನವರಿಯ ಪರೀಕ್ಷೆಗಳ ವಾರ,
ನಾನು ಕೋಟು ತೊಟ್ಟು ದೀಪ ಆರಿಸುವ ಹೊತ್ತಿಗೆ.
ನಗರದ ಬಿಸಿನೀರ ಕೊಳವೆ ತಲುಪದ ಈ ಕಟ್ಟಡದ ಬಾಯ್ಲರಿಗೆ
ಇಪ್ಪತ್ತೊಂದು ವರ್ಷದಿಂದ ಕಲ್ಲಿದ್ದಲು ಉಣಿಸುವವನು.
ಹುಬ್ಬಿನ ಸುಕ್ಕಿನಲ್ಲೂ ಮಸಿ.
ವಿದ್ಯಾರ್ಥಿ ಕಾರ್ಡಿಲ್ಲ. ವಯಸ್ಸು ಐವತ್ತೇಳು.
ಚಿಕಿತ್ಸಾಲಯದ ಫಲಕದ ಯಾವ ಸಾಲಿನಲ್ಲೂ ಅವನಿಲ್ಲ.
ಮಕ್ಕಳೆಲ್ಲ ಊದುತ್ತಾರಂತೆ, ನಾನೂ ಒಮ್ಮೆ...

ಹೆಸರು ಎಲ್ಲೂ ಬರೆಯುವುದಿಲ್ಲ, ಹೆದರಬೇಡಿ,
ಎಂದೆ, ಬಾಯಿಪಾಠದಂತೆ.
ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಗೋಡೆ ಹಿಡಿಯಿತು.
ಇರುವುದೇ ಅದು ತಾಯಿ. ನೆರ್‌ಗುಯಿ ಅಂದರೆ ಹೆಸರಿಲ್ಲದವನು.
ನನಗಿಂತ ಮುಂಚಿನ ಇಬ್ಬರನ್ನು ಸಾವು
ಹೆಸರು ಹಿಡಿದು ಕರೆದೊಯ್ಯಿತಂತೆ.
ಮೂರನೆಯವನನ್ನು ಕೇಳಿಕೊಂಡು ಬಂದರೆ
ಈ ಡೇರೆಯಲ್ಲಿ ಯಾರೂ ಇಲ್ಲ ಅನ್ನಬಹುದಲ್ಲ, ಅಂತ ಅಮ್ಮ.

ಹೊಸ ಕೊಳವೆ ಸಿಕ್ಕಿಸಿದೆ.
ಪೂರ್ತಿ ಎಳೆದುಕೊಳ್ಳಿ. ಈಗ ಊದಿ. ಊದಿ, ಇನ್ನೂ...
ನಂದುವ ಕೆಂಡಕ್ಕೆ ಊದುಗೊಳವೆ ಹಿಡಿದವರಂತೆ
ಕೆನ್ನೆ ಉಬ್ಬಿ, ಕಣ್ಣು ಹೊರಬಂದು,
ಗೆರೆ ಮಾತ್ರ ನೆಲ ಬಿಟ್ಟು ಏಳಲಿಲ್ಲ.
ಒಂದು ಲೀಟರ್ ನೂರ ಎಂಬತ್ತು.
ಎಷ್ಟು? ಪಾಸಾ?

ದೊಡ್ಡಾಸ್ಪತ್ರೆಗೆ ಚೀಟಿ ಬರೆದೆ.
ಚೀಲದಲ್ಲಿದ್ದ ಇನ್‌ಹೇಲರ್ ಅವನ ಕೈಗಿಟ್ಟೆ, ತಂಗಿಯದು.
ಯಂತ್ರ ಕೇಳುತ್ತಿತ್ತು: ಉಳಿಸಲೇ, ಅಳಿಸಲೇ?
ಅರವತ್ತರ ಪಟ್ಟಿಯಲ್ಲಿ ಅರವತ್ತೊಂದಕ್ಕೆ ಮನೆಯಿಲ್ಲ.
ಅಳಿಸಿದೆ.
ಅಷ್ಟರಲ್ಲಿ ಮೇಲಿನ ಮಹಡಿಯಿಂದ ಯಾರೋ ಕೂಗಿದರು:
ಪೈಪು ತಣ್ಣಗಿದೆ ಅಜ್ಜಾ, ಬೆರಳು ಓಡುತ್ತಿಲ್ಲ, ನಾಳೆ ಗಣಿತ!
ಬಂದೆ ಬಂದೆ, ಅನ್ನುತ್ತಾ ಹೋದ,
ಆ ಒಂದು ಲೀಟರನ್ನೂ ಖರ್ಚು ಮಾಡುತ್ತಾ.

ಏಪ್ರಿಲಿನಲ್ಲಿ ದುಲ್ಮಾಳ ಬೆಟ್ಟ ದಿಣ್ಣೆಯಾಗಿತ್ತು,
ನಾಲ್ಕನ್ನೂ ಮುಟ್ಟಲಿಲ್ಲ.
ಸರಿಯಾಗಿ ಊದಲಿಲ್ಲವೇನೋ, ಇನ್ನೊಮ್ಮೆ ಕೊಡಿ, ಅಂದಳು.
ಕೊಟ್ಟೆ. ಅಷ್ಟೇ.
ಹುಡುಗಿ ಉಳಿದ ಚೀಟಿಗಳನ್ನು ಎಣಿಸುತ್ತಾ ಮೆಟ್ಟಿಲು ಹತ್ತಿದಳು.

ಈಗ ಪ್ರಬಂಧ ಅಚ್ಚಾಗಿದೆ. ಅರವತ್ತು ಚುಕ್ಕೆ,
ನಡುವೆ ಇಳಿಜಾರಿನ ಒಂದು ಗೆರೆ.
ಕೊನೆಯಲ್ಲಿ ಸಣ್ಣಕ್ಷರದ ಕೃತಜ್ಞತೆ:
ಹಣ ಕೊಟ್ಟ ನಿಧಿಗೆ, ಊದಿದ ಮಕ್ಕಳಿಗೆ, ನನಗೂ.
ಕಟ್ಟಡ ಬೆಚ್ಚಗಿತ್ತು ಅನ್ನುವುದು
ಯಾವ ಕೋಷ್ಟಕದಲ್ಲೂ ಇಲ್ಲ.

ಮತ್ತೆ ಹಿಮ ಬೀಳುವ ಕಾಲ. ಹೊಸ ಸಾಲು, ಹೊಸ ಡಬ್ಬಿ.
ನೆರ್‌ಗುಯಿ ದೊಡ್ಡಾಸ್ಪತ್ರೆಗೆ ಹೋದನೋ ಇಲ್ಲವೋ,
ಬಾಯ್ಲರಿನ ಬಾಗಿಲವರೆಗೆ ಇಳಿದು ಕೇಳುವ ಧೈರ್ಯ ನನಗಿಲ್ಲ.
ಬೆಳಿಗ್ಗೆ ಕೋಣೆಯ ಪೈಪಿಗೆ ಅಂಗೈ ಇಟ್ಟೆ. ಬಿಸಿಯಿದೆ.
ಅಂದರೆ ಇದ್ದಾನೆ.
ಅಥವಾ ಬೇರೊಬ್ಬ.
ಒಳಗೆಲ್ಲೋ ನೀರು ಗೊರಗೊರ ಅಂದಿತು.
ಮುಂದಿನವರು, ಎಂದು ಕೂಗಿದೆ.