ಬೆರಳ ಗೆಣ್ಣು ಬೆಳ್ಳಗಾಗುವುದಿಲ್ಲ

ಡಾಕಾರಿನ ಅಂಚಿಗೆ, ತಿಯಾರೊಯ್ ಸಂತೆಯಲ್ಲಿ, ರೈಲು ಹಳಿಯ ಪಕ್ಕ
ಹದಿನೇಳು ವರ್ಷದಿಂದ ನನ್ನದೊಂದು ಮೇಜು.
ಮೇಜಿನ ಮೇಲೆ ಡಬ್ಬಿ, ಡಬ್ಬಿಯ ಮೇಲೆ ಡಬ್ಬಿ,
ಪ್ರತಿ ಡಬ್ಬಿಯ ಮೇಲೂ ನಗುವ ಒಬ್ಬ ಹೆಂಗಸು.
ಅವಳನ್ನು ಈ ಊರಲ್ಲಿ ಯಾರೂ ಕಂಡವರಿಲ್ಲ.

ಬೆರೆಸುವುದರಲ್ಲಿ ನನಗೆ ಹೆಸರಿತ್ತು.
ಇದರದು ಎರಡು ಚಮಚ, ಅದರದು ಅರ್ಧ ಟ್ಯೂಬು,
ನಾತ ಮುಚ್ಚಲು ಮೇಲೆರಡು ಹನಿ ಅತ್ತರು.
ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೆರೆಸುತ್ತಿದ್ದೆ.
ನನ್ನ ಮೂಗು ತಾಳದ್ದನ್ನು
ಅವರ ಮೈ ಹೇಗೆ ತಾಳೀತು ಎಂದು
ನನ್ನನ್ನು ನಾನೇ ಕೇಳಿಕೊಳ್ಳಲಿಲ್ಲ.
ಹೊಟ್ಟೆಪಾಡು ಕೇಳಗೊಡಲಿಲ್ಲ ಅನ್ನಬಹುದು.
ಸುಳ್ಳು. ಹೊಟ್ಟೆ ತುಂಬಿದ ಮೇಲೂ ಕೇಳಲಿಲ್ಲ.

ಇಲ್ಲಿ ಎಂಟನೆಯ ದಿನ ಮಗುವಿಗೆ ಹೆಸರಿಡುತ್ತಾರೆ.
ಬಾಣಂತಿಯ ಕುರ್ಚಿಯ ಸುತ್ತ ಕೇರಿಗೆ ಕೇರಿಯೇ ನೆರೆಯುತ್ತದೆ.
ಆ ದಿನಕ್ಕೆಂದು ಬಸುರಿಯರು ಏಳನೆಯ ತಿಂಗಳಲ್ಲೇ ಬರುತ್ತಿದ್ದರು:
"ಅಕ್ಕಾ, ಆ ಹೊತ್ತಿಗೆ ನಾನು ಹೊಳೀಬೇಕು."
ಹೊಳೆಯುತ್ತಿದ್ದರು. ಗಲ್ಲ, ಕತ್ತು, ಮೊಣಕೈವರೆಗೆ ತೋಳು.
ಬೆರಳ ಗೆಣ್ಣು ಮಾತ್ರ
ಯಾವ ಮುಲಾಮಿಗೂ ಬಗ್ಗದೆ ಕಪ್ಪಗೇ ಉಳಿಯುತ್ತಿತ್ತು,
ಹತ್ತು ಬೆರಳಲ್ಲಿ ಹತ್ತು ಸಾಕ್ಷಿ.
ದುಡ್ಡು ಎಣಿಸಿ ಕೊಡುವಾಗ
ನಾನು ನೋಟನ್ನಷ್ಟೇ ನೋಡುತ್ತಿದ್ದೆ.

ಅರಾಮ್ ಫಾಯ್‌ಗೆ ಹೊಟ್ಟೆ ಕೊಯ್ದು ಮಗು ತೆಗೆದರು.
ಹೊಲಿಗೆ ನಿಲ್ಲಲಿಲ್ಲ.
ನರ್ಸು ನನ್ನ ಮೇಜಿನವರೆಗೆ ನಡೆದು ಬಂದಳು, ಜಗಳಕ್ಕಲ್ಲ.
ಪಕ್ಕದಂಗಡಿಯಿಂದ ಹಾರಿ ಬಿದ್ದ ಈರುಳ್ಳಿ ಸಿಪ್ಪೆಯೊಂದನ್ನೆತ್ತಿ
ನನ್ನ ಕಣ್ಣೆದುರು ಹಿಡಿದು ಮೆಲ್ಲಗೆ ಎಳೆದಳು.
"ಹೀಗಿತ್ತು," ಅಂದಳು. "ದಾರ ಎಲ್ಲಿ ಹಾಕಲಿ?"
ಅರಾಮ್ ಬದುಕಿದಳು. ನಲವತ್ತು ದಿನ ಆಸ್ಪತ್ರೆ.
ಈಗಲೂ ಎದುರಾದರೆ ನನಗೆ ಅವಳೇ ಮೊದಲು ಸಲಾಂ ಹೇಳುತ್ತಾಳೆ.
ಅದನ್ನು ತಡೆಯಲಾಗುವುದಿಲ್ಲ.

ಅದೇ ಮೇಜಿನ ಮೇಲೆ ಈಗ ಕರಿತೆ ಬೆಣ್ಣೆ.
ಕೆದುಗುವಿನಿಂದ ರಾತ್ರಿ ಬಸ್ಸಿಗೆ ಸಿರಾ ಕಾಮಾರಾ ತರುತ್ತಾಳೆ,
ಕಾಯಿ ಹುರಿದು, ಅರೆದು, ಕೈಯಲ್ಲೇ ಕಡೆದದ್ದು.
ಹೊಗೆ ವಾಸನೆ. ಬಿಸಿಲಿಗೆ ಕರಗುತ್ತದೆ, ನೊಣಕ್ಕೂ ಪ್ರೀತಿ.
"ಬೆಳ್ಳಗಾಗ್ತದಾ?"
"ಇಲ್ಲ."
"ಮತ್ತೇನಾಗ್ತದೆ?"
"ಒಡೆದದ್ದು ಕೂಡ್ತದೆ. ಒಣಗಿದ್ದು ಮೆದುವಾಗ್ತದೆ."
"ಅಷ್ಟೇನಾ?"
ಅಷ್ಟೇ. ಉಗುರತುದಿಯಲ್ಲಿ ಚೂರು ತೆಗೆದು
ನಾಲಿಗೆಗಿಟ್ಟು ತೋರಿಸುತ್ತೇನೆ.
ಅವರು ನಗುತ್ತಾ ಮೊದುವಿನ ಅಂಗಡಿಗೆ ಹೋಗುತ್ತಾರೆ.

ಮೊದು ಜಾಣ. ಅದೇ ಹಳೆಯ ಮುಲಾಮಿಗೆ
ಹೊಸ ಚೀಟಿ ಅಂಟಿಸಿದ್ದಾನೆ, ಚೀಟಿಯಲ್ಲೊಂದು ಹಸಿರೆಲೆ.
ತಾನು ಯಾವುದಕ್ಕೆ ಅಂಟಿದ್ದೇನೆಂದು ಎಲೆಗೇನು ಗೊತ್ತು?
ನಾನೊಂದು ಮಾರುವಷ್ಟರಲ್ಲಿ ಅವನು ಹನ್ನೆರಡು ಮಾರುತ್ತಾನೆ.

ಉಳಿದ ನಲವತ್ತೊಂದು ಡಬ್ಬಿ ನನ್ನ ಮಂಚದ ಕೆಳಗಿವೆ,
ಅಕ್ಕಿಚೀಲದೊಳಗೆ, ಬಾಯಿ ಹೊಲಿದು.
ಚರಂಡಿಗೆ ಸುರಿದರೆ ಸಮುದ್ರ.
ಸಮುದ್ರವೆಂದರೆ ಮೀನು, ಮೀನೆಂದರೆ ನಾಳೆಯ ನಮ್ಮ ತಟ್ಟೆ.
ಮಾರುವುದು ಎಷ್ಟು ಸುಲಭವಿತ್ತು!

ಹೋದ ತಿಂಗಳು ನಮ್ಮ ಮರೇಮಳ ಮಗುವಿಗೆ ಹೆಸರಿಟ್ಟರು.
ಏಳನೆಯ ತಿಂಗಳಲ್ಲಿ ಅವಳೂ ಬಂದಿದ್ದಳು ನನ್ನಲ್ಲಿಗೆ,
ಕೊಡುವುದಿಲ್ಲ ಎಂದದ್ದಕ್ಕೆ ಮುನಿಸಿಕೊಂಡು ಎದ್ದುಹೋಗಿದ್ದಳು,
ಮೊದುವಿನ ಕಡೆಗೋ, ಬಸ್ಸಿನ ಕಡೆಗೋ.
ಮಗುವಿನ ಮುಖಕ್ಕೂ ಮುಂಚೆ ನಾನು ನೋಡಿದ್ದು ಅವಳ ಗೆಣ್ಣು.
ತಿಳಿಯಲಿಲ್ಲ. ಮುಂಗೈತನಕ ಗೋರಂಟಿ ಮೆತ್ತಿದ್ದಳು.
ಕೇಳಲೇ? ಬಾಯಿ ಬರಲಿಲ್ಲ.

ಮುದುಕಿಯೊಬ್ಬಳು ಮಗುವಿನ ಕಿವಿಯಂಚು ಮಡಿಚಿ ನೋಡಿ
"ಹುಡುಗಿ ಕಪ್ಪಾಗ್ತಾಳೆ" ಅಂದಳು.
ಕೂತವರೆಲ್ಲ ಒಂದು ಗಳಿಗೆ ಚಹಾ ಕುಡಿಯುವುದು ನಿಲ್ಲಿಸಿದರು.
ನಾನು ಎದ್ದು ಹೋಗಿ
ಜಿಡ್ಡುಬೆರಳಲ್ಲಿ ಅದೇ ಕಿವಿಯಂಚನ್ನು ಸವರಿದೆ.
ಹೊಗೆ ವಾಸನೆಗೋ ಏನೋ,
ಮಗು ಸೀನಿತು.