ತೂಕದವಳು

ಮೂವತ್ತೊಂದು ಸುಗ್ಗಿ
ಅಯೋವಾದ ಒಂದು ಮೆಕ್ಕೆಜೋಳದ ಗೋದಾಮಿನ ಕಿಟಕಿಯಲ್ಲಿ ಕೂತು
ಲಾರಿ ತೂಗಿದವಳು ನಾನು.
ಭರ್ತಿ ಬಂದದ್ದರಲ್ಲಿ ಖಾಲಿ ಹೋದದ್ದು ಕಳೆದರೆ
ಉಳಿದದ್ದು ದುಡ್ಡು.
ಈಗಲೂ ಏನು ಕಂಡರೂ ಕಣ್ಣು ಮೊದಲು ತೂಗುತ್ತದೆ:
ನಮ್ಮ ಪಾದ್ರಿ ಇನ್ನೂರ ಹತ್ತು ಪೌಂಡು,
ಅವರ ಪಿಯಾನೋ ಐನೂರು,
ಅವರ ಪ್ರವಚನ, ಬಿಡಿ.

ಹ್ಲಾವಾಚೆಕ್ ಅಂಗಡಿಯಲ್ಲಿ
ಒಳಗೆ ಬಂದವರನ್ನು ಮೊದಲು ಮೂಸುವುದು ನಾಯಿ,
ಆಮೇಲೆ ಮಗ ಡ್ವೇನ್, ಕೈ ಒರೆಸಿಕೊಳ್ಳುತ್ತಾ.
ಸೊಸೆ ಫೋನಿನಲ್ಲಿ ಯಾರಿಗೋ ಕ್ಲಚ್ ಕೇಬಲ್ಲಿನ ಬೆಲೆ ಹೇಳುತ್ತಿದ್ದಳು.
ಮೊಮ್ಮಗಳು ಟೈರುಗಳ ನಡುವೆ ಕೂತು ಮಗ್ಗಿ ಬರೆಯುತ್ತಿದ್ದಳು.
ಹೀಟರಿನ ಪಕ್ಕ ಮುದುಕ ಓಟೊಕಾರ್,
ಸತ್ತ ಬ್ಯಾಟರಿಗಳಿಗೆ ಕಾವಲು.

ಮೂಲೆಯಲ್ಲಿ ನಿಂತಿತ್ತು ಅದು.
ಕಪ್ಪು ಕ್ರೂಸರ್, ಎರಡು ಸಾವಿರದ ನಾಲ್ಕರದು,
ಕುಳ್ಳ, ಅಗಲ,
ಉಂಡು ಕೈತೊಳೆದು ಬಂದ ಯಜಮಾನನ ಹಾಗೆ
ಹಿಂದಕ್ಕೆ ಒರಗಿಕೊಂಡು.

"ಒಬ್ಬನೇ ಓಡಿಸಿದ್ದು" ಎಂದ ಡ್ವೇನ್.
ಆ ಒಬ್ಬ ಇನ್ನೂ ಸೀಟು ಬಿಟ್ಟೆದ್ದಿರಲಿಲ್ಲ.
ಅವನ ತಗ್ಗು ಹಾಗೇ ಇತ್ತು:
ಇನ್ನೂರ ನಲವತ್ತು, ಎಡಕ್ಕೆ ತುಸು ಹೆಚ್ಚು.
ಎರಡನೇ ಸಂಬಂಧ ನನಗೆ ಹೊಸದಲ್ಲ.
ಆರ್ವಿಡ್‌ನ ಮಂಚದಲ್ಲೂ ಇಂಥದೊಂದು ತಗ್ಗಿತ್ತು, ನನಗಿಂತ ಮೊದಲಿನದು;
ಹನ್ನೆರಡು ವರ್ಷ ಅದರ ಅಂಚಿನಲ್ಲಿ ಮಲಗಿದ್ದೇನೆ.

ದಾನ ಕೊಟ್ಟ ಆಕಳಿನ ಹಲ್ಲು ಎಣಿಸಬಾರದು, ಸರಿ.
ಇದು ನಾಲ್ಕು ಸಾವಿರದ ಇನ್ನೂರು ಡಾಲರಿನದು.
ಎಣಿಸಿದೆ.
ಟೈರಿನ ಸವಕಲು, ಬೆಲ್ಟಿನ ಬಿರುಕು,
ಸೈಲೆನ್ಸರಿನ ಹೊಟ್ಟೆಯಡಿ ತುಕ್ಕು,
ಟ್ಯಾಂಕಿನ ಬಲಕ್ಕೆ ಹೆಬ್ಬೆರಳು ಹಿಡಿಸುವಷ್ಟು ಕುಳಿ.
"ಜಿಂಕೆಯಾ?" ಎಂದೆ.
"ಗ್ಯಾರೇಜಿನ ಏಣಿ" ಎಂದಳು ಸೊಸೆ, ಫೋನಿಗೆ ಕೈ ಅಡ್ಡ ಹಿಡಿದು.

"ಮೂರನೇ ಗೇರಿನ ವಿಷಯ ಹೇಳಿದೆಯೇನೋ?"
ಹೀಟರಿನ ಪಕ್ಕದಿಂದ.
"ಅಪ್ಪಾ."
"ಚಳಿಯಲ್ಲಿ ಬೀಳಲ್ಲ ಅದು. ಹೇಳು."
ಡ್ವೇನ್‌ನ ಕಿವಿ ಕೆಂಪಾಯಿತು.
ಮೊಮ್ಮಗಳು ಏಳೆಂಟಲ ಐವತ್ತಾರರಲ್ಲಿ ನಿಲ್ಲಿಸಿ ತಲೆಯೆತ್ತಿದಳು.
ಚಳಿಯಲ್ಲಿ ಬೀಳಲ್ಲ ಎಂದು ಹೇಳಿದ.
ಇನ್ನೂರು ಡಾಲರು ಇಳಿದದ್ದು ಆಗ.

ಸ್ಟ್ಯಾಂಡು ಒದ್ದು ನೆಟ್ಟಗೆ ಮಾಡಿದೆ.
ಆರುನೂರ ಐವತ್ತು ಪೌಂಡು
ನನ್ನ ಎರಡು ಹಿಮ್ಮಡಿಗೆ ಬಂದು ನಿಂತಿತು.
ಇಷ್ಟು ವರ್ಷ ತೂಕ ಬರೆದಿದ್ದೆ,
ಹೊತ್ತಿರಲಿಲ್ಲ.

ರಸೀದಿ ಬರೆದವನು ಮುದುಕನೇ,
ಕಾರ್ಬನ್ ಹಾಳೆ ಇಟ್ಟು, ಪೆನ್ಸಿಲು ನೆಕ್ಕಿ ನೆಕ್ಕಿ,
ವರ್ಲೀನ್ ಎಂಬ ಹೆಸರನ್ನು ಎರಡು ಸಲ ಬಿಡಿಸಿ ಹೇಳಿಸಿಕೊಂಡು.
ಕೀಲಿ ಕೊಟ್ಟದ್ದು ಮೊಮ್ಮಗಳು.
ನಾಯಿ ಮತ್ತೆ ಮೂಸಿತು, ಈ ಸಲ ಗಾಡಿಯನ್ನು.

ಮೂರನೇ ಗೇರು ಬೀಳಲಿಲ್ಲ.
ಮುದುಕ ಸುಳ್ಳಾಡುವವನಲ್ಲ.

ನನ್ನ ಮನೆಯ ದಾರಿಯಲ್ಲ ಅದು; ಆದರೂ
ಗೋದಾಮಿನ ಕಡೆ ತಿರುಗಿಸಿ
ತೂಕದ ಹಲಗೆಯ ಮೇಲೆ ನಿಲ್ಲಿಸಿದೆ.
ನನ್ನ ಕುರ್ಚಿಯಲ್ಲಿ ಹೊಸ ಹುಡುಗ.
ಗಾಜು ಸರಿಸಿ, ಮುಖ ನೋಡದೆ, ರೂಢಿಯಂತೆ ಕೇಳಿದ:
"ಭರ್ತಿಯೋ, ಖಾಲಿಯೋ?"

ಇಂಜಿನ್ನಿನ ಜೊತೆ ಹಲಗೆಯೂ ನಡುಗುತ್ತಿತ್ತು.

"ಬರೆದುಕೋ" ಎಂದೆ.
"ವಾಪಸು ಬಂದಾಗ ಕಳೆಯೋಣ."