ಕನ್ನಡಕದ ಮೇಲಿನ ಉಪ್ಪು

ಬೈತಖೋಲದ ಧಕ್ಕೆಯಲ್ಲಿ ಮಂಕಾಳಿ ಕೇಳಿದಳು:
ಕಾಲೇಜಲ್ಲಿ ಎಂತ ಕಲಿಸ್ತ್ರಿ ಬಾಯೀ?

ಮೀನು ಕಟ್ಟುವ ಹಳೆ ಪೇಪರು ಎಳೆದುಕೊಂಡು
ಎರಡು ಗೆರೆ ಹಾಕಿದೆ. ಅಡ್ಡದ್ದು, ದೋಣಿ ಎಲ್ಲಿದೆ.
ನೆಟ್ಟನೆಯದು, ಎಷ್ಟು ರಭಸ, ಯಾವ ಕಡೆಗೆ.
ನಿಮ್ಮ ತಾಂಡೇಲನಿಗೆ ಇಲ್ಲೊಂದು ಚುಕ್ಕೆ ಸಾಕು.
ನನ್ನ ಬೆಳಕಿಗೆ ಚುಕ್ಕೆಯಿಲ್ಲ, ಇಷ್ಟಗಲದ ಕಲೆ;
ಅಡ್ಡಕ್ಕೆ ಹಿಂಡಿದರೆ ಉದ್ದಕ್ಕೆ ಉಬ್ಬುತ್ತದೆ
ನೀರು ತುಂಬಿದ ಪ್ಲಾಸ್ಟಿಕ್ ಚೀಲದ ಹಾಗೆ.

ಕಲೆ ಎರಡಾದರೆ,
ಸದಾಶಿವಗಡದ ಬದಿಗೊಂದು, ಕೋಡಿಬಾಗದ ಬದಿಗೊಂದು
(ದೋಣಿ ಮಾತ್ರ ಒಂದೇ),
ನಡುವೆ, ಯಾರೂ ಇಲ್ಲದಲ್ಲಿ, ಪಟ್ಟೆ ಪಟ್ಟೆ ಏಳುತ್ತದೆ.
ಒಂದು ಪಟ್ಟೆ ಸೊನ್ನೆಯ ಮೇಲೆ.
ಪಕ್ಕದ್ದು ಸೊನ್ನೆಗಿಂತ ಕೆಳಗೆ.

ಮಂಕಾಳಿ ನಕ್ಕಳು.
ಬುಟ್ಟೀಲಿ ಮೀನಿಲ್ಲ ಅಂದ್ರೆ ಇಲ್ಲ.
ಇಲ್ಲಕ್ಕಿಂತ ಇಲ್ಲ ಯಾವ ಬುಟ್ಟೀಲಿ?

ಉತ್ತರ ಹೊಳೆಯದೆ ಕನ್ನಡಕ ತೆಗೆದೆ.
ಗಾಳಿ ಅದರ ಮೇಲೆ ಉಪ್ಪು ಕೂರಿಸಿತ್ತು.
ಹಾಗೇ ನೋಡಿದರೆ ದೇವಗಡದ ದೀಪ ಮೆತ್ತನೆ ಉಂಡೆ,
ಅಲೆಗೆ ಅಲೆ ಅಂಟಿ ಎಲ್ಲೂ ಹಳ್ಳವಿಲ್ಲ.
ಇಂಥ ಮಂಜುಗಣ್ಣಿನ ಲೆಕ್ಕವೂ ಒಂದಿದೆ ನಮ್ಮಲ್ಲಿ,
ಸೊನ್ನೆಯ ಕೆಳಗೆ ಇಳಿಯುವುದೇ ಇಲ್ಲ,
ಪರೀಕ್ಷೆಗೆ ಸುಲಭ.
ಸೆರಗಿನಿಂದ ಒರೆಸಿಕೊಂಡೆ.

ಇದೆಲ್ಲ ತಾರ್ಲೆಯಂಥ ಕಣಗಳಿಗೆ ಮಾರಾಯ್ತಿ,
ಒಂದಿದ್ದಲ್ಲಿಗೇ ಸಾವಿರ ಬಂದು ಬೀಳುವಂಥವು.
ಎಲೆಕ್ಟ್ರಾನು ಹಾಗಲ್ಲ. ಅದು ನಿಮ್ಮ ಮಾರ್ಕೆಟ್ಟಿನ ಸಾಲು:
ಒಬ್ಬಳಿಗೆ ಒಂದೇ ಕಲ್ಲು.
ಅದರ ಮೇಲೆ ಇನ್ನೊಬ್ಬಳೆಂದರೆ ಲೆಕ್ಕವೇ ಸೊನ್ನೆ.
ಈ ಕಾಗದ ಅದಕ್ಕೆ ಒದಗುವುದಿಲ್ಲ.
ಅದರ ಅಂಕಿಗಳೇ ಬೇರೆ; ತನ್ನಿಂದ ತನ್ನನ್ನೇ ಗುಣಿಸಿದರೆ
ಇಲ್ಲವಾಗುವಂಥವು.
ಮೊದಲು ಯಾರು, ಆಮೇಲೆ ಯಾರು, ಮರೆಯದಂಥವು.
ಎರಡನ್ನು ಅದಲು ಬದಲು ಮಾಡು,
ಎಲ್ಲ ಇದ್ದ ಹಾಗೇ ಇದ್ದು
ಎದುರಿಗೆ ಒಂದು ಮೈನಸ್ ಬಂದು ಕೂರುತ್ತದೆ.
ಯಾವ ತಕ್ಕಡಿಯೂ ತೂಗದ ಮೈನಸ್.

ಶೆಟ್ಲಿ ಸುಲಿಯುವ ಕೈ ನಿಂತಿತು.
ನಾನೂ ಗುಲಾಬಿನೂ ಕಲ್ಲು ಬದಲಿಸಿಕಂಡ್ವಲ್ಲ, ಬಾಯೀ,
ಅವಳ ಕಡೆ ಬಿಸಿಲು ಅಂತ.
ಗಿರಾಕಿಗೆ ಗೊತ್ತೇ ಆಗ್ಲಿಲ್ಲ. ಅದೇ ಮೀನು, ಅದೇ ರೇಟು.
ಆದ್ರೆ...
ಬೆರಳು ತೊಳೆದುಕೊಂಡಳು. ಮುಗಿಸಲಿಲ್ಲ.

ನನ್ನ ನಕ್ಷೆಯಲ್ಲೇ ಏಳು ಬಂಗಡೆ ಸುತ್ತಿ ಕೊಟ್ಟಳು.
ಮನೆಯಲ್ಲಿ ಬಿಚ್ಚಿದರೆ ಶಾಯಿ ಕದಡಿ
ಎರಡು ಕಲೆ ಒಂದಾಗಿತ್ತು,
ಪಟ್ಟೆ ಇದ್ದಲ್ಲಿ ಒಂದು ಹುರುಪೆ ಹೊಳೆಯುತ್ತಿತ್ತು.

ಆಗ ನೆನಪಾಯಿತು ಹೇಳದೆ ಬಂದದ್ದು:
ಇನ್ನೊಂದು ಸಲ ಬದಲಿಸಿಕೊಂಡರೆ
ಆ ಮೈನಸ್ ಹೋಗುತ್ತದೆ, ಮಂಕಾಳಿ.

ನಾಳೆ ಜೂನ್ ಒಂದು.
ಬೋಟುಗಳೆಲ್ಲ ದಡಕ್ಕೆ. ಕಲ್ಲುಗಳು ಎರಡು ತಿಂಗಳು ಖಾಲಿ.